ಊಟವಾದ ಮೇಲಿನ ಹೊತ್ತು

ಕಾರು ಕಲಿಯಲು ಬರುವವರೆಲ್ಲ ಅವರನ್ನು ಕ್ಲಚ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಪಕ್ಕದ ಸೀಟಿನಲ್ಲಿ ಕೂತು "ಕ್ಲಚ್, ಕ್ಲಚ್, ಅಯ್ಯೋ ಕ್ಲಚ್ ಒತ್ರೀ" ಎಂದು ಕೂಗಿ ಕೂಗಿ ಸಂಪಾದಿಸಿದ ಬಿರುದು ಅದು. ಡ್ರೈವಿಂಗ್ ಶಾಲೆಯ ಆ ಕಾರಿನಲ್ಲಿ ಮೇಷ್ಟ್ರ ಕಾಲ ಬುಡದಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇದ್ದವು. ಕಲಿಯುವವರ ಒಂದು ಕಾಲು ಏರಿಗೆ, ಇನ್ನೊಂದು ನೀರಿಗೆ ಎಳೆಯುವ ಹೊತ್ತಿನಲ್ಲಿ ಗಾಡಿಯನ್ನೂ ದಾರಿಹೋಕರ ಪ್ರಾಣವನ್ನೂ ಉಳಿಸುತ್ತಿದ್ದುದು ಆ ಪೆಡಲುಗಳು. ಉಳಿದದ್ದನ್ನೆಲ್ಲ ಮೇಷ್ಟ್ರ ಬಾಯಿ ನೋಡಿಕೊಳ್ಳುತ್ತಿತ್ತು. ಹೆದರಿದವರನ್ನು ನಗಿಸುವುದು, ಮೆರೆಯುವವರ ಬಾಲ ಕತ್ತರಿಸುವುದು, ಅಳು ಬಂದವರಿಗೆ ಗಾಡಿ ನಿಲ್ಲಿಸಿ ನೀರು ಕುಡಿಸುವುದು. "ಗೇರ್ ಹಾಕೋದು ಅಂದ್ರೆ ಅತ್ತೆ ಮಾತು ನುಂಗಿದ ಹಾಗೆ. ಸದ್ದು ಮಾಡ್ದೆ ಮೆಲ್ಲಗೆ ಒಳಗೆ ಹಾಕ್ಕೊಂಡುಬಿಡಬೇಕು" ಎಂದಾಗ ನಗದ ಸೊಸೆಯರೇ ಇರಲಿಲ್ಲ.

ಸಂಜೆ ಕಾರಿನ ಕೀಲಿಯನ್ನು ಶಾಲೆಯ ಗೋಡೆಯ ಮೊಳೆಗೆ ನೇತುಹಾಕಿದರೆಂದರೆ ಆ ಬಾಯಿಗೂ ಬೀಗ ಬಿತ್ತೆಂದೇ ಲೆಕ್ಕ. ಮನೆಗೆ ಹೋಗಿ ಮಾಡುವುದೇನೂ ಇರಲಿಲ್ಲ. ಹೆಂಡತಿ ಅವರನ್ನು ಬಿಟ್ಟು ಬೇರೆ ಊರಿನಲ್ಲಿದ್ದ ತನ್ನ ಅಕ್ಕನ ಮನೆ ಸೇರಿ ಕೆಲವು ವರ್ಷಗಳಾಗಿದ್ದವು. ಜಗಳವಿಲ್ಲ, ಕೂಗಾಟವಿಲ್ಲ. "ಊರವರಿಗೆಲ್ಲ ಮಾತು ಬಡಿಸಿ, ನನ್ನ ಪಾಲಿಗೆ ತೊಳೆದ ಪಾತ್ರೆ ತರ್ತೀರಲ್ಲ" ಎಂದಿದ್ದಳು ಹೋಗುವ ವಾರ. ಮಕ್ಕಳಿರಲಿಲ್ಲ. ಹಾಗಾಗಿ ಶಾಲೆಯ ಬೆಂಚಿನ ಮೇಲೆ ಕೂತು ಟೀ ಮೇಲೆ ಟೀ ಕುಡಿದು, ಬಾಗಿಲು ಹಾಕುವ ಹೊತ್ತಿಗೆ ಎದ್ದು, ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಬಾಣಲೆಯಿಂದ ಎದ್ದು ಬಂದದ್ದನ್ನು ಹೊಟ್ಟೆಗೆ ತುಂಬಿಕೊಂಡು ಮನೆ ಮುಟ್ಟುತ್ತಿದ್ದರು. ಕೈ ತೊಳೆದ ನೀರು ಆರುವ ಮೊದಲೇ ತಲೆ ದಿಂಬಿಗೆ. ಆಯಾಸಕ್ಕೆ ನಿದ್ದೆ ಬಂದರೆ ಆ ದಿನ ಗೆದ್ದಂತೆ.

ಎದೆಯುರಿ ಯಾವಾಗ ಶುರುವಾಯಿತೆಂದು ಕೇಳಿದರೆ ಅವರಿಗೇ ಗೊತ್ತಿರಲಿಲ್ಲ. ಮೊದಮೊದಲು ಹುಳಿ ತೇಗು. ಆಮೇಲೆ ಮಲಗಿದಲ್ಲೇ ಗಂಟಲಿಗೆ ಹುಳಿ ನೀರು ನುಗ್ಗಿ, ಎದ್ದು ಕೂತು ಕೆಮ್ಮುವುದು. ಔಷಧದ ಅಂಗಡಿಯ ಚೀಪುವ ಮಾತ್ರೆಗಳನ್ನು ಅವರು ಪೆಪ್ಪರಮೆಂಟಿನ ಹಾಗೆ ಜಗಿಯುತ್ತಿದ್ದರು. ಕಾರಿನ ಡ್ಯಾಷ್‌ಬೋರ್ಡಿನ ಖಾನೆಯಲ್ಲಿ ಗುಲಾಬಿ ಬಣ್ಣದ ದ್ರವದ ಬಾಟಲಿಯೊಂದು ಕಾಯಮ್ಮಾಗಿ ಇರುತ್ತಿತ್ತು. ಯಾರಾದರೂ ಗಾಡಿಯನ್ನು ಫುಟ್‌ಪಾತಿಗೆ ಹತ್ತಿಸಿದರೆ ಒಂದು ಗುಟುಕು ಕುಡಿದು, "ನೋಡಿ, ನಿಮ್ಮಿಂದ ನನಗೆ ಹೊಟ್ಟೆಯುರಿ" ಎನ್ನುತ್ತಿದ್ದರು. ನಗುವವರು ನಗುತ್ತಿದ್ದರು. ದನಿ ಒಡೆಯುತ್ತ ಬಂದದ್ದನ್ನು ಕೂಗಾಟದ ಲೆಕ್ಕಕ್ಕೆ ಬರೆದುಕೊಂಡರು.

ಒಂದು ಮಧ್ಯಾಹ್ನ ಎರಡು ಪಾಠಗಳ ನಡುವೆ ಬ್ರೆಡ್ಡು ತಿನ್ನುತ್ತಿದ್ದಾಗ ತುತ್ತು ಎದೆಯ ನಡುವೆ ನಿಂತುಬಿಟ್ಟಿತು. ಉಗುಳುವಂತಿಲ್ಲ, ನುಂಗುವಂತಿಲ್ಲ, ಥೇಟ್ ಬಿಸಿತುಪ್ಪ. ನೀರು ಕುಡಿದರೆ ನೀರೂ ಅಲ್ಲೇ ನಿಂತಿತು. ಸ್ಟಿಯರಿಂಗು ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ಕೂತರು. ಕಡೆಗೆ ಅದು ಇಳಿಯಿತು. ಇಳಿದ ಮೇಲೆ ಅವರಿಗೆ ಹೊಳೆದದ್ದು ಒಂದೇ ಮಾತು: ತಾನಿಲ್ಲಿ ಹೋಗಿಬಿಟ್ಟಿದ್ದರೆ, ಮುಂದಿನ ಪಾಠದವರು ಬಂದು ಕಿಟಕಿ ತಟ್ಟುವವರೆಗೆ ಯಾರಿಗೂ ತಿಳಿಯುತ್ತಿರಲಿಲ್ಲ.

ಡಾಕ್ಟರು ಮಧ್ಯವಯಸ್ಸಿನ ಹೆಂಗಸು. ಕೇಳುವ ಪ್ರಶ್ನೆಗಳು ಸಣ್ಣ ಸಣ್ಣವು.

"ರಾತ್ರಿ ಊಟ ಎಷ್ಟು ಹೊತ್ತಿಗೆ?"

"ಹತ್ತಾಗುತ್ತೆ."

"ಮಲಗೋದು?"

"ಹತ್ತೂಕಾಲು."

ಡಾಕ್ಟರು ಪೆನ್ನು ಕೆಳಗಿಟ್ಟರು. ಹೊಟ್ಟೆಗೂ ಅನ್ನನಾಳಕ್ಕೂ ನಡುವೆ ಒಂದು ಕವಾಟ ಇರುತ್ತದೆ, ಅದು ಸಡಿಲವಾಗಿ ಆಮ್ಲ ಮೇಲಕ್ಕೆ ಬರುತ್ತಿದೆ ಎಂದು ವಿವರಿಸಿದರು.

"ಅಂದ್ರೆ ಒನ್‌ವೇ ರಸ್ತೇಲಿ ಎದುರಿಂದ ಗಾಡಿ ಬಂದ ಹಾಗೆ" ಎಂದರು ಮೇಷ್ಟ್ರು.

"ಹೂಂ. ಅದೂ ನೀವು ಊಟ ಮಾಡಿದ ತಕ್ಷಣ ಮಲಗಿ, ರಸ್ತೇನ ಇಳಿಜಾರು ಮಾಡಿಕೊಡ್ತೀರಿ." ಡಾಕ್ಟರು ನಕ್ಕರು. ಆಮೇಲೆ ನಗು ಬಿಟ್ಟರು. "ಬರೀ ಉರಿ ಆಗಿದ್ರೆ ಮಾತ್ರೆ ಕೊಟ್ಟು ಕಳಿಸ್ತಿದ್ದೆ. ಊಟ ಸಿಕ್ಕಿಹಾಕ್ಕೊಳ್ತಿದೆ ಅಂತೀರಲ್ಲ, ಅದಕ್ಕೆ ಒಳಗೆ ನೋಡ್ಲೇಬೇಕು. ಎಂಡೋಸ್ಕೋಪಿ ಮಾಡೋಣ. ಗಂಟಲಿಗೆ ಸ್ಪ್ರೇ ಹೊಡೆದೂ ಮಾಡಬಹುದು, ಆದ್ರೆ ನಿಮ್ಮ ಕೆಮ್ಮಿಗೆ ಅದು ತಡ್ಕೊಳ್ಳೋಕೆ ಕಷ್ಟ. ನಿದ್ದೆ ಬರೋ ಇಂಜೆಕ್ಷನ್ ಕೊಡ್ತೀವಿ. ಖಾಲಿ ಹೊಟ್ಟೇಲಿ ಬನ್ನಿ. ಮನೆಯವರು ಯಾರಾದ್ರೂ ಜೊತೆಗಿರಬೇಕು. ಅವತ್ತು ನೀವು ಗಾಡಿ ಮುಟ್ಟೋ ಹಾಗಿಲ್ಲ."

ಗಾಡಿ ಮುಟ್ಟಬೇಡಿ ಎಂದದ್ದಲ್ಲ, ಅದರ ಹಿಂದಿನ ಮಾತು ಮೇಷ್ಟ್ರನ್ನು ಹಿಡಿದು ನಿಲ್ಲಿಸಿತು. "ಆಗ್ಲಿ, ಕರ್ಕೊಂಡು ಬರ್ತೀನಿ" ಎಂದು ಎದ್ದು ಬಂದರು.

ಬೆಂಚಿನ ಮೇಲೆ ಕೂತು ಫೋನಿನಲ್ಲಿದ್ದ ಹೆಸರುಗಳನ್ನು ಮೇಲಿನಿಂದ ಕೆಳಕ್ಕೆ ಉರುಳಿಸಿದರು. ಊರೇ ಇತ್ತು ಅದರಲ್ಲಿ. ಹೆದರುವ ಲಾಯರು, ಎಡಗೈ ಹುಡುಗಿ, ರಿವರ್ಸ್ ಬಾರದ ಡಾಕ್ಟರು, ಬೇಕರಿ ಅಳಿಯ. ಲೈಸೆನ್ಸು ಕೈಗೆ ಬಂದ ದಿನ ಸಿಹಿ ಕೊಟ್ಟು, ಕೈಕುಲುಕಿ ಹೋದವರು. ಮತ್ತೆ ಬಂದವರು ಒಬ್ಬರೂ ಇಲ್ಲ. ಬರುವುದೇಕೆ? ದೋಣಿ ದಾಟಿದ ಮೇಲೆ ಅಂಬಿಗನ ಮನೆ ಯಾರು ಕೇಳುತ್ತಾರೆ?

ತಮ್ಮನಿಗೆ ಫೋನು ಮಾಡಿದರು.

"ಗುರುವಾರಾನಾ? ಅಯ್ಯೋ, ಅವತ್ತು ಆಡಿಟ್‌ನವರು ಬರ್ತಾರಲ್ಲಣ್ಣಾ. ಸೀರಿಯಸ್ ಏನಲ್ಲ ತಾನೇ?"

"ಏನಿಲ್ಲಪ್ಪ, ಬರೀ ಗ್ಯಾಸು."

"ಅದಕ್ಕೆ ಅಷ್ಟೆಲ್ಲಾ ಯಾಕೆ ಮಾಡಿಸ್ತೀಯ? ನಿಮ್ಮ ಶಾಲೆಯೋರು ಯಾರಾದ್ರೂ ಬರ್ತಾರಲ್ಲ?"

"ಬರ್ತಾರೆ, ಬರ್ತಾರೆ. ನಿಂಗೆ ಸುಮ್ನೆ ಹೇಳ್ದೆ."

ತಮ್ಮನ ಮೇಲೆ ಕೋಪ ಮಾಡಿಕೊಳ್ಳಲು ನೋಡಿದರು, ಆಗಲಿಲ್ಲ. ಏನಿಲ್ಲ ಎಂದವರು ತಾವೇ ತಾನೆ. ಹೆಂಡತಿಯ ನಂಬರು ತೆರೆಯ ಮೇಲೆ ಬಂದಾಗ ಬೆರಳು ಸ್ವಲ್ಪ ಹೊತ್ತು ಅಲ್ಲೇ ನಿಂತು, ಮುಂದಕ್ಕೆ ಹೋಯಿತು.

ಗುರುವಾರ ಮೇಷ್ಟ್ರು ಒಬ್ಬರೇ ಹೋದರು.

"ಜೊತೆಗೆ ಯಾರು ಬಂದಿದಾರೆ ಸಾರ್?" ಹಸಿರು ಗೌನಿನ ದಾರವನ್ನು ಬೆನ್ನ ಹಿಂದೆ ಕಟ್ಟುತ್ತ ನರ್ಸು ಕೇಳಿದಳು.

"ಬಂದಿದಾರಮ್ಮ. ಗಾಡಿ ನಿಲ್ಸೋಕೆ ಹೋಗಿದಾರೆ."

"ಸರಿ, ಅವರು ಬರ್ಲಿ. ಆಮೇಲೆ ಸೂಜಿ ಹಾಕ್ತೀನಿ."

ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲ. ಸುಳ್ಳು ಹೇಳಿ ಒಳಗೆ ನುಸುಳಿದರೆ ಆಯಿತೆಂದು ತಿಳಿದಿದ್ದರು. ಪಕ್ಕದ ಮಂಚದವನ ಹೆಂಡತಿ ಅವನ ಚಪ್ಪಲಿಗಳನ್ನು ಜೋಡಿಸಿ ಚೀಲಕ್ಕೆ ಹಾಕಿಕೊಂಡಳು. ಆಚೆ ಮಂಚದ ಅಜ್ಜಿಯ ಸುತ್ತ ಮೂರು ಜನ. ಮಂಚಗಳಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಪರೀಕ್ಷೆಯ ಕೋಣೆಗೆ ಹೋಗಿ ಬಂದರು.

"ಇನ್ನೂ ಬರ್ಲಿಲ್ವಾ ಸಾರ್?"

"ಜಾಗ ಸಿಕ್ಕಿಲ್ಲ ಅನ್ಸುತ್ತೆ. ನೋಡ್ಕೊಂಡು ಬರ್ತೀನಿ."

ಗೌನಿನಲ್ಲೇ, ಅದರ ಮೇಲೊಂದು ಟವೆಲು ಹೊದ್ದು, ಹೊರಗೆ ಬಂದು ವಾಹನಗಳ ನಡುವೆ ನಿಂತರು. ಎಲ್ಲಿಗೆ ಹೋಗುವುದು, ಯಾರನ್ನು ನೋಡುವುದು? ಅಷ್ಟರಲ್ಲಿ ಒಬ್ಬ ಗೃಹಸ್ಥ ದೊಡ್ಡ ಕಾರನ್ನು ಸಣ್ಣ ಜಾಗಕ್ಕೆ ಹಿಂದುಹಿಂದಾಗಿ ತೂರಿಸಲು ಒದ್ದಾಡುವುದು ಕಂಡಿತು. ಮೇಷ್ಟ್ರ ಕೈ ತಾನಾಗಿ ಮೇಲೆದ್ದಿತು. "ಬನ್ನಿ, ಬನ್ನಿ, ಬಲಕ್ಕೆ ಪೂರ್ತಿ ತಿರುಗ್ಸಿ, ಹಾಂ, ಈಗ ನೇರ, ಬನ್ನಿ, ಸಾಕು!" ಕಾರು ಗೋಡೆಗೆ ಒಂದು ಗೇಣು ಬಿಟ್ಟು ಚೊಕ್ಕವಾಗಿ ನಿಂತಿತು. ಗೃಹಸ್ಥ ಇಳಿದು, ಹಸಿರು ಗೌನು ತೊಟ್ಟವರನ್ನು ಮೇಲೆ ಕೆಳಗೆ ನೋಡಿ, "ಥ್ಯಾಂಕ್ಸ್" ಎಂದ.

"ಸಾರ್, ಒಂದು ನಿಮಿಷ..." ಎಂದರು ಮೇಷ್ಟ್ರು. ಒಳಗೆ ಬಂದು, ಇವರ ಜೊತೆಗೆ ಬಂದವನು ನಾನೇ ಎಂದು ಒಂದು ಮಾತು ಹೇಳಿಬಿಡಿ, ಸಾಕು. ಅಷ್ಟೇ ಕೇಳಬೇಕಾಗಿತ್ತು. ಹಿಂದಿನ ಸೀಟಿನಿಂದ ಆತನ ಹೆಂಡತಿ ಅಳುವ ಮಗುವನ್ನೆತ್ತಿಕೊಂಡು ಇಳಿದಳು. "ಏನಿಲ್ಲ, ಹ್ಯಾಂಡ್‌ಬ್ರೇಕ್ ಹಾಕಿದ್ರಾ ಅಂತ" ಎಂದು ಮೇಷ್ಟ್ರು ದಾರಿ ಬಿಟ್ಟರು.

ಒಳಗೆ ಬಂದು, ಜೊತೆಗಿದ್ದವರಿಗೆ ತುರ್ತು ಕೆಲಸ ಬಂತಂತೆ ಎಂದರು. ನರ್ಸು ರಿಜಿಸ್ಟರು ತಿರುವಿದಳು. ಬೇರೆ ದಿನ ಕೊಟ್ಟಳು. ಗೌನಿನ ಗಂಟು ಬಿಚ್ಚುವಾಗ ಮಾತ್ರ, "ಅಕ್ಕಪಕ್ಕದೋರು ಯಾರಾದ್ರೂ ಆದ್ರೂ ಆಗುತ್ತೆ ಸಾರ್" ಎಂದಳು. ಅದನ್ನವಳು ಮೆಲ್ಲಗೆ ಹೇಳಿದ್ದೇ ಮೇಷ್ಟ್ರಿಗೆ ಹೆಚ್ಚು ಚುಚ್ಚಿತು.

ಅವತ್ತು ಮಧ್ಯಾಹ್ನದ ಪಾಠ ಫ್ರೇಮಿನಕ್ಕನದು. ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ನಡೆಸುವ ಆಕೆ ಮೇಷ್ಟ್ರಿಗಿಂತ ಐದಾರು ವರ್ಷ ಹಿರಿಯಳು. ಗಂಡ ಇದ್ದಷ್ಟು ಕಾಲ ಆತನೇ ಗಾಡಿ ಓಡಿಸುತ್ತಿದ್ದ. ಆತ ಹೋದ ಮೇಲೆ ಕಾರು ಶೆಡ್ಡಿನಲ್ಲಿ ಧೂಳು ತಿನ್ನುತ್ತಿತ್ತು, ಮಾರಲು ಮನಸ್ಸಾಗದೆ ಕಲಿಯಲು ಬಂದಿದ್ದಳು. ಪರೀಕ್ಷೆಯಲ್ಲಿ ಎರಡು ಸಲ ನಪಾಸು. ಏರಿನಲ್ಲಿ ನಿಂತ ಗಾಡಿಯನ್ನು ಎಬ್ಬಿಸುವಾಗ ಹಿಂದಕ್ಕೆ ಜಾರಿಬಿಡುತ್ತಿದ್ದಳು.

"ಏನು ಮೇಷ್ಟ್ರೇ, ಇವತ್ತು ಬೈಗುಳಾನೇ ಇಲ್ಲ? ಮೂರು ಸಲ ಗಾಡಿ ಆರಿಸ್ದೆ."

"ಹೊಟ್ಟೆ ಖಾಲಿ ಅಕ್ಕಾ. ಬೈಯ್ಯೋಕೂ ಶಕ್ತಿ ಬೇಕಲ್ಲ."

ಆಕೆ ಗಾಡಿಯನ್ನು ಮರದ ನೆರಳಿಗೆ ತಂದು ನಿಲ್ಲಿಸಿದಳು, ಹೇಳದೆಯೇ. "ಯಾಕೆ ಖಾಲಿ?"

ನಗೆಚಾಟಿಕೆ ಮಾಡಿ ತೇಲಿಸಬೇಕೆಂದು ಹೊರಟ ಮೇಷ್ಟ್ರು, ಹಸಿರು ಗೌನಿನಲ್ಲಿ ಯಾರದೋ ಕಾರು ನಿಲ್ಲಿಸಿಕೊಟ್ಟ ಭಾಗಕ್ಕೆ ಬರುವ ಹೊತ್ತಿಗೆ ಮಾತು ಬಿಟ್ಟು ಖಾನೆಯ ಗುಲಾಬಿ ಬಾಟಲಿಗೆ ಕೈಹಾಕಿದರು. ಆಕೆ ಇಂಜಿನ್ ಆರಿಸಿದಳು.

"ನಾನು ಬರ್ತೀನಿ ಬಿಡಿ" ಎಂದಳು. "ನಮ್ಮನೆಯವರ ಕಾಲದಲ್ಲಿ ಆ ಬೆಂಚುಗಳ ಮೇಲೆ ಎಷ್ಟು ಕೂತಿದೀನಿ ಅಂದ್ರೆ, ಯಾವ ಫ್ಯಾನ್ ತಿರುಗುತ್ತೆ, ಯಾವುದು ತಿರುಗಲ್ಲ ಅಂತಾನೂ ಗೊತ್ತು."

"ನಿಮಗ್ಯಾಕೆ ತೊಂದ್ರೆ ಅಕ್ಕಾ? ಅಂಗಡಿ..."

"ಅಂಗಡಿ ಎಲ್ಲಿಗೂ ಓಡಿ ಹೋಗಲ್ಲ. ಕೇಳೋಕೆ ಸಂಕೋಚ ಪಟ್ಕೊಂಡು ಸಾಯೋರನ್ನ ಒಬ್ಬರನ್ನ ನೋಡಿದೀನಿ, ಸಾಕು."

ಮುಂದಿನ ವಾರ ಅಕ್ಕ ಪರೀಕ್ಷೆಯಲ್ಲಿ ಪಾಸಾದಳು. ಅದಾದ ಎರಡನೆಯ ದಿನ ತನ್ನ ಹಳೆಯ ಕಾರನ್ನು ಒರೆಸಿ, ಮೇಷ್ಟ್ರ ಮನೆ ಬಾಗಿಲಿಗೇ ತಂದಳು. ಟ್ಯಾಕ್ಸಿ ಮಾಡೋಣ ಅಕ್ಕಾ ಎಂದದ್ದಕ್ಕೆ, "ಕಲಿಸಿದೋರೇ ಹೆದರಿದ್ರೆ ಹೇಗ್ರೀ?" ಎಂದು ಬಾಯಿ ಮುಚ್ಚಿಸಿದಳು. ಆಸ್ಪತ್ರೆಯಲ್ಲಿ ಮೇಷ್ಟ್ರ ಚಪ್ಪಲಿ, ಕನ್ನಡಕ, ಗಡಿಯಾರ ಎಲ್ಲವನ್ನೂ ತನ್ನ ಚೀಲಕ್ಕೆ ಹಾಕಿಕೊಂಡು ತಿರುಗುವ ಫ್ಯಾನಿನ ಕೆಳಗೆ ಕೂತಳು. ಬಾಯಿಗೆ ಕೊಳವೆ ಇಳಿಸಲು ಪ್ಲಾಸ್ಟಿಕ್ಕಿನ ಉಂಗುರ ಕಚ್ಚಿಸುವಾಗ ಮೇಷ್ಟ್ರ ಕಣ್ಣು ಬಾಗಿಲ ಕಡೆಗಿತ್ತು. ಆಮೇಲೆ ಏನೂ ನೆನಪಿಲ್ಲ.

ಎಚ್ಚರವಾದಾಗ ಡಾಕ್ಟರು ಅಕ್ಕನಿಗೆ ವಿವರಿಸುತ್ತಿದ್ದರು. ಅನ್ನನಾಳದ ಕೆಳತುದಿ ಹುಣ್ಣಾಗಿದೆ. ಹೊಟ್ಟೆಯ ಮೇಲ್ಭಾಗ ಸ್ವಲ್ಪ ಎದೆಯ ಕಡೆಗೆ ಸರಿದಿದೆ. ಕೆಟ್ಟದ್ದೇನೂ ಕಾಣುತ್ತಿಲ್ಲ, ಆದರೂ ಹುಣ್ಣಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೇವೆ. ದಿನಾ ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮೊದಲು ಒಂದು ಕ್ಯಾಪ್ಸೂಲ್, ತಪ್ಪದೆ ಎರಡು ತಿಂಗಳು. ಟೀ ಕಡಿಮೆ. ಕರಿದದ್ದು ಬೇಡ. ಬೆಲ್ಟು ಸಡಿಲ. ಸಂಜೆ ಏಳಕ್ಕೆ ಊಟ ಮುಗಿಯಬೇಕು, ಆಮೇಲೆ ಮೂರು ಗಂಟೆ ಮಲಗಬಾರದು. ಮಂಚದ ತಲೆಯ ಕಡೆಯ ಕಾಲುಗಳನ್ನು ಎತ್ತರಿಸಬೇಕು. ದಿಂಬು ಪೇರಿಸಿದರೆ ಹೊಟ್ಟೆ ಮಡಚಿಕೊಂಡು ಇನ್ನೂ ಕೆಡುಕು.

"ನಿಮ್ಮ ತಮ್ಮನಿಗೆ ಇದನ್ನೆಲ್ಲ ನೀವೇ ನೆನಪಿಸ್ಬೇಕು" ಎಂದರು ಡಾಕ್ಟರು.

"ಹೂಂ, ಕಿವಿ ಹಿಂಡಿ ಮಾಡಿಸ್ತೀನಿ" ಎಂದಳು ಅಕ್ಕ. ತಮ್ಮನಲ್ಲ ಎನ್ನಲಿಲ್ಲ. ಮೇಷ್ಟ್ರು ಮತ್ತೆ ಕಣ್ಣು ಮುಚ್ಚಿಕೊಂಡರು.

ಮನೆಯ ದಾರಿಯಲ್ಲಿ ಒಂದು ಏರು. ಸರಿಯಾಗಿ ಅದರ ನಡುವೆ ಕೆಂಪು ದೀಪ ಬಿತ್ತು. ಹಸಿರಾಗುತ್ತಲೇ ಹಿಂದೆ ಹಾರ್ನುಗಳ ಸಾಲು. ಮಂಪರಿನಲ್ಲಿದ್ದ ಮೇಷ್ಟ್ರು ತಮ್ಮ ಕಡೆಯ ಬ್ರೇಕಿಗಾಗಿ ಕಾಲು ತಡಕಾಡಿದರು. ಬರೀ ಮ್ಯಾಟು ಸಿಕ್ಕಿತು. ಜೀವಮಾನದಲ್ಲಿ ಮೊದಲ ಸಲ ಪಕ್ಕದ ಸೀಟಿನಲ್ಲಿ ಅವರ ಕೈಯಲ್ಲೂ ಕಾಲಲ್ಲೂ ಏನೂ ಇರಲಿಲ್ಲ. "ಅಕ್ಕಾ, ಮೆಲ್ಲಗೆ..." ಎನ್ನಲು ಹೋದರೆ ನಾಲಿಗೆ ಮರದ ತುಂಡು. "ಸುಮ್ನೆ ಮಲಗಿ ಮೇಷ್ಟ್ರೇ" ಎಂದಳು ಆಕೆ. ಕಾರು ಒಮ್ಮೆ ಕೆಮ್ಮಿತು, ಒಂದು ಗೇಣು ಹಿಂದೆ ಜಾರಿತು, ನಿಂತಿತು, ಆಮೇಲೆ ಮೆಲ್ಲಗೆ ಏರು ಹತ್ತಿತು.

ಮನೆಯಲ್ಲಿ ಅವರನ್ನು ಕುರ್ಚಿಗೆ ಕೂರಿಸಿ ಅಕ್ಕ ಹಾಲು ಬಿಸಿ ಮಾಡಿ ಆರಿಸಿ ತಂದಳು. ಅಡುಗೆಮನೆಯಿಂದಲೇ, "ಒಂದೇ ಲೋಟಾನಾ ಮನೇಲಿ?" ಎಂದು ಕೂಗಿದಳು. ತಾನು ಕಾಫಿಯನ್ನು ಸಣ್ಣ ಪಾತ್ರೆಯಲ್ಲೇ ಬಗ್ಗಿಸಿಕೊಂಡು ಕುಡಿದಳು. ಅವರ ವಸ್ತುಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿಟ್ಟು, ಬಾಗಿಲೆಳೆದುಕೊಂಡು ಹೋದಳು. ಮಾರನೆಯ ವಾರ ಅವಳ ಮಧ್ಯಾಹ್ನದ ಜಾಗಕ್ಕೆ ಹೊಸಬನೊಬ್ಬ ಬಂದ. ಚೂರಿನ ಫಲಿತಾಂಶ ಬಂದಾಗ ಅಕ್ಕ ಫೋನು ಮಾಡಿ ವಿಚಾರಿಸಿದಳು, ಏನೂ ಇಲ್ಲವೆಂದು ಕೇಳಿ ಸಂತೋಷಪಟ್ಟಳು. ಅಲ್ಲಿಗೆ ಆಕೆಯೂ ದೋಣಿ ಇಳಿದಂತಾಯಿತು. ಅದರಲ್ಲಿ ತಪ್ಪೇನಿತ್ತು?

ಮೇಷ್ಟ್ರು ಡಾಕ್ಟರ ಮಾತನ್ನು ರಸ್ತೆಯ ನಿಯಮದಂತೆ ಪಾಲಿಸಿದರು. ಕಟ್ಟಡ ಕಟ್ಟುತ್ತಿದ್ದಲ್ಲಿಂದ ನಾಲ್ಕು ಇಟ್ಟಿಗೆ ಕೇಳಿ ತಂದು ಮಂಚದ ತಲೆಯ ಕಾಲುಗಳ ಕೆಳಗಿಟ್ಟರು. ಮೊದಮೊದಲು ಬೆಳಗಾಗುವಷ್ಟರಲ್ಲಿ ಮಂಚದ ಕಾಲ್ದೆಸೆಗೆ ಜಾರಿ ಬಂದಿರುತ್ತಿದ್ದರು. ಕ್ಯಾಪ್ಸೂಲು ತಪ್ಪಲಿಲ್ಲ. ಟೀ ಎರಡಕ್ಕೆ ಇಳಿಯಿತು. ತರಕಾರಿ ಬೇಯಿಸಿಕೊಂಡು, ಬ್ರೆಡ್ಡು ಸುಟ್ಟುಕೊಂಡು ಏಳಕ್ಕೆಲ್ಲ ತಟ್ಟೆ ತೊಳೆದಿಡುತ್ತಿದ್ದರು. ಎದೆಯುರಿ ಕೆಲವೇ ದಿನಗಳಲ್ಲಿ ಇಳಿಮುಖವಾಯಿತು. ತಿಂಗಳಾಗುವಷ್ಟರಲ್ಲಿ ದನಿಯೂ ಮರಳಿತು.

ಕಷ್ಟವಾದದ್ದು ಆ ಮೂರು ಗಂಟೆ.

ಏಳರಿಂದ ಹತ್ತರವರೆಗೆ ಆ ಮನೆ ಹೇಗಿರುತ್ತದೆಂದು ಮೇಷ್ಟ್ರು ನೋಡಿಯೇ ಇರಲಿಲ್ಲ. ಗಟ್ಟಿ ಕುರ್ಚಿಯಲ್ಲಿ ನೆಟ್ಟಗೆ ಕೂತರೆ ಎಲ್ಲ ಕೇಳಿಸುತ್ತಿತ್ತು. ಮೇಲಿನ ಮನೆಯಲ್ಲಿ ಯಾರೋ ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು, ಪಕ್ಕದ ಮನೆಯ ಕುಕ್ಕರು, ಮೆಟ್ಟಿಲ ಮೇಲೆ ಯಾರದೋ ಚಪ್ಪಲಿಯ ಸದ್ದು ಬಾಗಿಲವರೆಗೂ ಬಂದು ಮುಂದಕ್ಕೆ ಹೋಗುವುದು. ಟಿ.ವಿ. ಹಾಕಿದರೆ ತೂಕಡಿಕೆ ಬರುತ್ತಿತ್ತು, ತೂಕಡಿಸಿದರೆ ಕುತ್ತಿಗೆ ವಾಲಿ ಹುಳಿ ಮೇಲೇರುತ್ತಿತ್ತು. ಎದ್ದು ಅಡ್ಡಾಡಿದರೆ ಮನೆ ಹತ್ತು ಹೆಜ್ಜೆಗೆ ಮುಗಿಯುತ್ತಿತ್ತು. ಇದೇ ಕೋಣೆಯಲ್ಲಿ, ಇದೇ ಹೊತ್ತಿನಲ್ಲಿ, ವರ್ಷಗಟ್ಟಲೆ ಒಬ್ಬಳು ಒಬ್ಬಳೇ ಕೂತಿದ್ದಳು ಎಂಬುದು ಒಂದು ಸಂಜೆ ತಟ್ಟನೆ ಹೊಳೆದಾಗ, ಮೇಷ್ಟ್ರು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡರು. ಅವಳು ಬಡಿಸಿಟ್ಟು ಕಾಯುತ್ತಿದ್ದಳು. ತಾವು ಬಂದು ಉಂಡು ಮಲಗುತ್ತಿದ್ದರು.

ಆ ಸಂಜೆ ಬೆರಳು ಆ ನಂಬರಿನ ಮೇಲೆ ನಿಂತದ್ದು ಮುಂದಕ್ಕೆ ಹೋಗಲಿಲ್ಲ.

"ಯಾರಾದ್ರೂ ಹೋಗ್ಬಿಟ್ರಾ?" ಎಂಬುದೇ ಅವಳ ಮೊದಲ ಮಾತು.

"ಇಲ್ಲ, ಎಲ್ಲ ಇದಾರೆ. ಸುಮ್ನೆ ಮಾಡ್ದೆ."

"ಸುಮ್ನೆ?"

"ಹೂಂ. ಊಟ ಆಯ್ತು. ಮಲಗೋ ಹಾಗಿಲ್ಲ. ಡಾಕ್ಟರ್ ಹೇಳಿದಾರೆ."

ಹುಣ್ಣಿನ ಸುದ್ದಿ, ಕೊಳವೆಯ ಸುದ್ದಿ, ಇಟ್ಟಿಗೆಯ ಸುದ್ದಿ ಎಲ್ಲವನ್ನೂ ಹೇಳಿದರು. ಹಸಿರು ಗೌನಿನದನ್ನೂ ಹೇಳಿದರು.

"ನನಗೊಂದು ಫೋನ್ ಮಾಡಬಹುದಿತ್ತು" ಎಂದಳು.

"ಬರ್ತಿದ್ಯಾ?"

"ಗೊತ್ತಿಲ್ಲ." ಆಮೇಲೆ, "ಬರ್ತಿದ್ದೆ ಅನ್ಸುತ್ತೆ. ಬಂದು, ವಾಪಸ್ ಹೋಗ್ತಿದ್ದೆ."

"ನೀನು ಸಂಜೆ ಹೊತ್ತು ಏನ್ ಮಾಡ್ತಿದ್ದೆ ಇಲ್ಲಿ? ನಾನು ಬರೋವರೆಗೆ?"

"ಈಗ ಕೇಳ್ತೀರಾ ಅದನ್ನ?"

"ಈಗ ಗೊತ್ತಾಯ್ತು."

ಅವಳು ನಕ್ಕಳೋ ಉಸಿರು ಬಿಟ್ಟಳೋ ತಿಳಿಯಲಿಲ್ಲ. "ಎಣಿಸ್ತಿದ್ದೆ. ಎದುರು ಕಟ್ಟಡದಲ್ಲಿ ಯಾವ ಯಾವ ಕಿಟಕಿ ದೀಪ ಆರುತ್ತೆ ಅಂತ. ನಾನು ಅಲ್ಲಿಗೆ ಮತ್ತೆ ಬರಲ್ಲ ರೀ. ಅದನ್ನ ಈಗ್ಲೇ ಹೇಳ್ಬಿಡ್ತೀನಿ. ಇಲ್ಲಿ ಅಕ್ಕ ಇದಾಳೆ, ಜಗಳ ಆಡೋಕಾದ್ರೂ ಒಬ್ಬಳು."

"ಬಾ ಅಂತ ಅಲ್ಲ ಮಾಡಿದ್ದು."

"ಗೊತ್ತಾಯ್ತು. ಊಟಕ್ಕೆ ಕರೀತಿದಾಳೆ, ಇಡ್ಲಾ?"

"ಹೊತ್ತಾಗಿ ಊಟ ಮಾಡ್ಬೇಡ."

"ನೀವು ಹೇಳ್ತೀರಾ ಇದನ್ನ!" ಈ ಸಲ ಅವಳು ನಕ್ಕದ್ದು ಖಂಡಿತ.

ಎರಡು ತಿಂಗಳ ಮೇಲೆ ಡಾಕ್ಟರು ಕ್ಯಾಪ್ಸೂಲನ್ನು ದಿನ ಬಿಟ್ಟು ದಿನಕ್ಕೆ ಇಳಿಸಿ, ಆಮೇಲೆ ನಿಲ್ಲಿಸಿ ನೋಡೋಣ ಎಂದರು. ಬಿಡುವಾಗ ಕೆಲವು ದಿನ ಉರಿ ಮತ್ತೆ ತಲೆ ಎತ್ತಬಹುದು, ಗಾಬರಿಯಾಗಬೇಡಿ, ಊಟದ ಹೊತ್ತನ್ನು ಮಾತ್ರ ಬಿಡಬೇಡಿ ಎಂದು ಎಚ್ಚರಿಸಿದರು. ಉರಿ ಬಂತು, ಹೋಯಿತು.

ಹೆಂಡತಿ ಬರಲಿಲ್ಲ. ವಾರಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ಮೇಷ್ಟ್ರು ಫೋನು ಮಾಡುತ್ತಿದ್ದರು. ಕೆಲವು ಸಲ ಅವಳು ಎತ್ತುತ್ತಿರಲಿಲ್ಲ. ಎತ್ತಿದ ದಿನ ಕಲಿಯಲು ಬಂದವರ ಫಜೀತಿಗಳನ್ನು ಹೇಳುತ್ತಿದ್ದರು, ಅವಳು ತನ್ನ ಅಕ್ಕನ ಮೇಲಿನ ದೂರುಗಳನ್ನು ಹೇಳುತ್ತಿದ್ದಳು. ಮಾತು ಹೆಚ್ಚೆಂದರೆ ಕಾಲು ಗಂಟೆ ಬಾಳುತ್ತಿತ್ತು. ಉಳಿದ ಹೊತ್ತು ಮೇಷ್ಟ್ರದೇ. ಮಳಿಗೆಗಳು ಒಂದೊಂದಾಗಿ ಬಾಗಿಲೆಳೆಯುವ ಬೀದಿಯಲ್ಲಿ, ಬೆಲ್ಟು ಒಂದು ತೂತು ಸಡಿಲಿಸಿಕೊಂಡು, ಯಾರಿಗೂ ಏನೂ ಕಲಿಸದೆ, ಕೊನೆಯ ತಿರುವಿನವರೆಗೂ ನಡೆದು ಹೋಗಿ ಬರುತ್ತಿದ್ದರು.